ನಂಬಿಕಸ್ಥ ಕಾರ್ಡು

ಹಿಂಡಿದ ಸೀರೆಯನ್ನು ಬಿದಿರಿನ ಗಳಕ್ಕೆ ಹರವಿ, ಗಳದ ಬುಡವನ್ನು ಅಡುಗೆಮನೆ ಕಿಟಕಿಯ ಹೊರಗೋಡೆಯಲ್ಲಿದ್ದ ಕಬ್ಬಿಣದ ಕೊಳವೆಗೆ ತೂರಿಸಲು ಸರಳಮ್ಮ ಹೆಣಗುತ್ತಿದ್ದರು. ಒದ್ದೆ ಸೀರೆಯ ಭಾರಕ್ಕೆ ಗಳದ ತುದಿ ಬಗ್ಗಿ, ಹನ್ನೆರಡು ಮಹಡಿ ಕೆಳಗಿನ ನೆಲವನ್ನೇ ನೋಡುತ್ತಿತ್ತು. ಅದೇ ಹೊತ್ತಿಗೆ ಒಳಗಿನಿಂದ ಮಗ ರಘುನಾಥ ಕೂಗಿದ.

“ಅಮ್ಮಾ, ಬಾ ಇಲ್ಲಿ. ಈಗ ಹೇಗೆ ಬರ್ತಿದೆ ನೋಡು!”

“ತಾಳೋ. ಈಗ ಕೈ ಬಿಟ್ರೆ ಕೆಳಗೆ ಹೋಗ್ತಿರೋರಿಗೆ ಸೀರೆ ಉಡಿಸಿದ ಹಾಗಾಗತ್ತೆ.”

ಗಳ ಕೊಳವೆಯಲ್ಲಿ ಭದ್ರವಾಗಿ ಕೂತ ಮೇಲೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವರು ಶೆಲ್ಟರ್ ಕಡೆ ಹೋದರು.

ಸಿಂಗಪುರದ ಜುರಾಂಗ್ ಈಸ್ಟಿನ ಆ ಮನೆಯಲ್ಲಿ, ಅಲ್ಲಿನ ಹಲವು ಮನೆಗಳ ಹಾಗೆ, ಶೆಲ್ಟರ್ ಅಂತ ಒಂದು ಪುಟ್ಟ ಕೋಣೆಯಿತ್ತು. ಬಾಂಬ್ ಬಿದ್ದರೆ ಮನೆಮಂದಿಯೆಲ್ಲ ಒಳಗೆ ಸೇರಿಕೊಳ್ಳಲಿ ಅಂತ ಕಟ್ಟಿದ್ದು. ಕಿಟಕಿಯಿಲ್ಲ, ಗೇಣುದ್ದ ದಪ್ಪದ ಗೋಡೆ, ತಿಜೋರಿಗಿರುವಂಥ ಉಕ್ಕಿನ ಬಾಗಿಲು. ಯುದ್ಧವೇನೂ ಬರದ ಕಾರಣ ಜನ ಅದರಲ್ಲಿ ಅಕ್ಕಿಮೂಟೆ, ಹಳೇ ಸೂಟ್‌ಕೇಸು, ಇಸ್ತ್ರಿ ಹಲಗೆ ಇಟ್ಟುಕೊಂಡಿದ್ದರು. ನಮ್ಮವರು ದೇವರನ್ನು ಇಟ್ಟಿದ್ದರು. ರಘುನಾಥನ ಮನೆಯಲ್ಲಿ ದೇವರ ಎದುರುಗೋಡೆಗೆ ಒಂದು ಹಳೆಯ ಕಂಪ್ಯೂಟರೂ ಇತ್ತು. ಹಾಲಿನಲ್ಲಿಟ್ಟರೆ ನೋಟ ಕೆಡುತ್ತದೆ, ಮೊಮ್ಮಗಳು ರಿಷಿಕಾಳ ರೂಮಿನಲ್ಲಿ ಅಜ್ಜಿಯ ಮಂಚ ಬಂದ ಮೇಲೆ ಜಾಗವಿಲ್ಲ. “ಅಮ್ಮ ಹೆಂಗೂ ಪೂಜೆಗೆ ಅಲ್ಲೇ ಕೂರ್ತಾರೆ, ಅಲ್ಲೇ ಇರಲಿ” ಅಂತ ತೀರ್ಮಾನವಾಗಿತ್ತು.

ರಘುನಾಥ ಅದರ ಮುಂದೆ ಮಂಡಿಯೂರಿ ಕೂತಿದ್ದ. ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಒಂದು ಬ್ಯಾಂಕಿನ ನೆಟ್‌ವರ್ಕ್ ನೋಡಿಕೊಳ್ಳುವ ಎಂಜಿನಿಯರು ಅವನು. ಬಾಗಿಲನ್ನು ಪೂರ್ತಿ ತೆರೆದು, ಹಾಲಿನ ಟೇಬಲ್ ಫ್ಯಾನನ್ನು ಬೆನ್ನಿಗೆ ತಿರುಗಿಸಿಕೊಂಡಿದ್ದ. ಪರದೆಯ ಮೇಲೆ ಯಾರೋ ಹಾರ್ಮೋನಿಯಂ ಹಿಡಿದು ದೇವರನಾಮ ಹಾಡುತ್ತಿದ್ದರು, ಒಂದಕ್ಷರ ತಡವರಿಸದೆ.

“ಎಲ್ಲಿದೆ ತೊಂದರೆ, ತೋರ್ಸು? ನೀರು ಹರಿದ ಹಾಗೆ ಬರ್ತಿದೆ.”

“ನಿನ್ನೆ ನಿಂತೋಯ್ತಲ್ಲೋ.”

“ನೀನೇನೋ ಒತ್ತಿರ್ತೀಯ.”

“ನಾನು ಏನೂ ಒತ್ತಲಿಲ್ಲ. ಕೈ ತೊಡೆ ಮೇಲಿಟ್ಕೊಂಡು ಕೂತಿದ್ದೆ.”

ನೀರಿನ ಬಾಟಲಿ ಹಿಡಿದು ಹೋಗುತ್ತಿದ್ದ ರಿಷಿಕಾ ಆ ಊರಿನ ಧಾಟಿಯಲ್ಲಿ ಒಂದು ಮಾತು ಎಸೆದು ಹೋದಳು. “ಅಜ್ಜಿ, ಸುಮ್ನೆ ರಿಸ್ಟಾರ್ಟ್ ಮಾಡು ಲಾ.”

ಸರಳಮ್ಮ ಪರದೆಯನ್ನೇ ನೋಡುತ್ತ ನಿಂತರು. ಇವತ್ತು ಹಾಡುವವನ ಕೊರಳ ನರವೂ ಕಾಣುತ್ತಿದೆ. ನಿನ್ನೆ ಮಗಳ ಮುಖ ಕಾಣದೆ ಹೋಯಿತು.

ನಿನ್ನೆ ನಡೆದದ್ದು ಹೀಗೆ. ರಜನಿ, ಸರಳಮ್ಮನ ಕಿರಿಯವಳು, ಮೈಸೂರಿನಲ್ಲಿ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಗಂಡ ಉಮೇಶ ತೀರಿಕೊಂಡು ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಶನಿವಾರ ಸಾಯಂಕಾಲ ತಾಯಿ ಮಗಳು ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಮಾತಾಡುವುದು ವಾಡಿಕೆ. ಫೋನಿನಲ್ಲೇ ಮುಖ ಕಾಣುವ ಕಾಲ ಆ ಮನೆಗೆ ಇನ್ನೂ ಬಂದಿರಲಿಲ್ಲ. ರಘುನಾಥನ ಲ್ಯಾಪ್‌ಟಾಪು ಬ್ಯಾಂಕಿನದು, ಮನೆಮಾತಿಗೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಕೆಲವು ಶನಿವಾರ ಮಾತು ಚೆನ್ನಾಗಿ ಬರುತ್ತಿತ್ತು, ಕೆಲವು ಶನಿವಾರ ನಡುವೆಯೇ ಕಡಿದುಹೋಗುತ್ತಿತ್ತು. ಕಡಿದಾಗೆಲ್ಲ ರಘುನಾಥ, “ಕಾರ್ಡ್ ಹಳೇದು” ಅನ್ನುತ್ತಿದ್ದ. ಕಂಪ್ಯೂಟರಿನೊಳಗೆ ನೆಟ್‌ವರ್ಕ್ ಕಾರ್ಡು ಅಂತ ಒಂದಿದೆ, ಗಾಳಿಯಲ್ಲಿ ಬಂದ ಮಾತನ್ನು ಹಿಡಿಯುವುದು ಅದೇ ಎಂಬುದು ಸರಳಮ್ಮನಿಗೆ ತಿಳಿದದ್ದು ಹಾಗೆ.

ನಿನ್ನೆ ರಜನಿ ಉಭಯಕುಶಲೋಪರಿ ಆದ ಮೇಲೆ ದನಿ ತಗ್ಗಿಸಿ, “ಅಮ್ಮ, ಹತ್ರ ಯಾರಾದ್ರೂ ಇದಾರಾ?” ಅಂದಳು. ಸರಳಮ್ಮ ಎದ್ದು ಬಾಗಿಲೆಳೆದುಕೊಂಡು ಬಂದು ಕೂತರು.

“ನಮ್ಮಾಫೀಸಲ್ಲಿ ಮಹಾಬಲೇಶ್ವರ ಅಂತ ಇದಾರೆ. ಶಿರಸಿ ಕಡೆಯೋರು. ಅವರ ಮನೆಯಾಕೆ ಹೋಗಿ ಬಹಳ ದಿನ ಆಯ್ತು. ಮದುವೆ ಆಗೋಣ ಅಂತ ಕೇಳಿದಾರೆ. ನಮ್ಮ ಪೈಕಿಯಲ್ಲ. ನಂಗೆ ಮನಸ್ಸಿದೆ ಅಮ್ಮ. ಆದ್ರೆ ನೀನು ಬೇಡ ಅಂದ್ರೆ ಇಲ್ಲಿಗೇ ಬಿಟ್ಬಿಡ್ತೀನಿ. ಏನ್ ಹೇಳ್ತೀ?”

ಮಾತು ಆಗಲೇ ಅಲ್ಲಲ್ಲಿ ಮುಕ್ಕಾಗಿ ಬರುತ್ತಿತ್ತು. ಸರಳಮ್ಮ ಪರದೆಯ ಕಡೆ ಬಾಗಿ, “ಮಾಡ್ಕೋ ಮಗಳೇ. ಸುಖವಾಗಿರು” ಅಂದರು. ಅಷ್ಟರಲ್ಲಿ ರಜನಿಯ ಚಿತ್ರ ಕಣ್ಣು ಅರೆಮುಚ್ಚಿದ ಹಾಗೆ ನಿಂತುಬಿಟ್ಟಿತ್ತು. ಮರುಕ್ಷಣ ಅದೂ ಇಲ್ಲ.

ಬೇರೆ ಯಾರ ಮನೆಯಲ್ಲಾದರೂ ಇದು ನೆಟ್ ಹೋಯಿತು ಅನ್ನುವಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ಸರಳಮ್ಮ ಸಿಟ್ಟು ಬಂದರೆ ಬೈಯುವವರಲ್ಲ, ಮಾತು ನಿಲ್ಲಿಸುವವರು. ಮಕ್ಕಳು ಚಿಕ್ಕವರಿದ್ದಾಗ ತಪ್ಪು ಮಾಡಿದರೆ ಅವರ ಮುಖ ಗೋಡೆಯಾಗುತ್ತಿತ್ತು. ಕಣ್ಣು ಮಿಟುಕಿಸದೆ ನೋಡಿ, ಎದ್ದು ಹೋಗುತ್ತಿದ್ದರು. ಮೈಸೂರಿನಲ್ಲಿ ಕೂತಿದ್ದ ರಜನಿಗೆ ತನ್ನ ಪ್ರಶ್ನೆಯ ಎದುರಿಗೆ ಕಂಡದ್ದು ಆ ಮುಖವೇ. ಅಲುಗದ ತುಟಿ, ಅಲುಗದ ಕಣ್ಣು, ಆಮೇಲೆ ಕತ್ತಲೆ.

ಅಂದಿನಿಂದ ಅವಳು ಸಿಂಗಪುರದ ನಂಬರು ಕಂಡರೆ ಫೋನ್ ಎತ್ತದಾದಳು. ಕೊನೆಗೆ ಸೊಸೆ ಉಮಾ ಅವಳ ಆಫೀಸಿಗೇ ಫೋನು ಮಾಡಿ ಹಿಡಿದಳು. ಮಾತು ಮುಗಿಸಿ ಬಂದು, ಅತ್ತೆ ಹುರುಳಿಕಾಯಿ ಸೋಸುತ್ತಿದ್ದಲ್ಲಿ ಎದುರಿಗೆ ಕೂತಳು.

“ಅತ್ತೆ, ಬೇಜಾರು ಮಾಡ್ಕೋಬೇಡಿ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ‘ಅಮ್ಮನ ಮುಖ ನೋಡಿದೆ ಅತ್ತಿಗೆ, ಉತ್ತರ ಸಿಕ್ತು. ಬೈಯೋಕೂ ಬಾಯಿ ಬಿಡ್ಲಿಲ್ಲ, ಕಟ್ ಮಾಡಿದ್ಲು’ ಅಂದ್ಲು.”

“ನೆಟ್ ಹೋಯ್ತು ಅಂತ ಹೇಳ್ಲಿಲ್ವೇನಮ್ಮ?”

“ಹೇಳಿದೆ. ನಕ್ಕಳು. ‘ಅಣ್ಣ ಬ್ಯಾಂಕಿಗೆಲ್ಲ ನೆಟ್‌ವರ್ಕ್ ಹಾಕ್ತಾನೆ, ಅಮ್ಮನ ರೂಮಿಗೆ ಹಾಕೋಕೆ ಆಗಲ್ವಾ? ಸುಳ್ಳಾದ್ರೂ ನಂಬೋ ಹಾಗಿರ್ಬೇಕು ಅತ್ತಿಗೆ’ ಅಂದ್ಲು.”

ಹುರುಳಿಕಾಯಿಯ ನಾರು ಸರಳಮ್ಮನ ಬೆರಳಿಗೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳುತ್ತ, “ಫೋನು ನನ್ನ ಕೈಗೆ ಕೊಡಬಾರದಿತ್ತಾ?” ಅಂದರು.

“ಕೊಡ್ತೀನಿ ಅಂದೆ. ಬೇಡ ಅಂದ್ಲು. ಫೋನಲ್ಲಾದ್ರೆ ನಾವು ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದನ್ನ ನೀವು ಹೇಳ್ತೀರಂತೆ. ಮುಖ ನೋಡಿಯೇ ಕೇಳ್ಬೇಕಂತೆ. ಬರೋ ಭಾನುವಾರ ಒಂದು ಸಲ ಕೂರ್ತಾಳಂತೆ. ಒಂದೇ ಸಲ.”

ಆ ಮಧ್ಯಾಹ್ನವೇ ಸರಳಮ್ಮ ಮೊಮ್ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡು ಮಗಳಿಗೊಂದು ಕಾಗದ ಬರೆದರು. ಕಾರ್ಡು ಕೆಟ್ಟಿದೆ, ನಾನಾಗಿ ಮಾತು ನಿಲ್ಲಿಸಲಿಲ್ಲ, ನನ್ನ ಒಪ್ಪಿಗೆ ಇದೆ, ಎಂದು. ಸಾಯಂಕಾಲ ರಘುನಾಥನ ಕೈಗೆ ಕೊಟ್ಟು, ಸ್ಟಾಂಪು ಹಚ್ಚಿ ಹಾಕು ಅಂದರು.

ಅವನು ಶೂ ಬಿಚ್ಚುತ್ತ ನಕ್ಕ. “ಯಾವ ಕಾಲದಲ್ಲಿದೀಯಮ್ಮ? ಇದು ಹೋಗಿ ಸೇರೋಷ್ಟರಲ್ಲಿ ಭಾನುವಾರ ಕಳೆದಿರತ್ತೆ. ಅದೂ ಅಲ್ದೆ ಅವಳು ಮುಖ ನೋಡ್ಬೇಕು ಅಂದಿದಾಳೆ. ಕಾಗದ ಹೋಯ್ತೂಂದ್ರೆ, ಮುಖ ತೋರಿಸೋಕೆ ಆಗ್ದೆ ಬರೆದ್ಲು ಅಂತಾಳೆ. ಶನಿವಾರ ಹೋಗಿ ಒಂದು ಒಳ್ಳೇ ಕಾರ್ಡ್ ತರೋಣ. ನೀನೂ ಬಾ.”

ಮಾತಿನಲ್ಲಿ ನ್ಯಾಯವಿತ್ತು. ಕಾಗದ ಪಂಚಾಂಗದ ನಡುವೆ ಸೇರಿತು.

ಶನಿವಾರ ತಾಯಿ ಮಗ ರೈಲು ಹತ್ತಿ ಲಿಟಲ್ ಇಂಡಿಯಾದಲ್ಲಿ ಇಳಿದರು. ವೀಳ್ಯದೆಲೆ, ಹೂವು, ಒಂದು ಕಟ್ಟು ದಂಟಿನ ಸೊಪ್ಪು ಕೊಂಡು, ಅಲ್ಲಿಂದ ಕಂಪ್ಯೂಟರ್ ಅಂಗಡಿಗಳೇ ತುಂಬಿದ ಒಂದು ಕಟ್ಟಡಕ್ಕೆ ನಡೆದರು. ಒಳಗೆ ಹೋಗುತ್ತಿದ್ದ ಹಾಗೇ ರಘುನಾಥನ ನಡಿಗೆ ಬದಲಾಯಿತು. ಮನೆಯಲ್ಲಿ ಸೋಫಾ ಬಿಟ್ಟೇಳದವನು ಇಲ್ಲಿ ಅಂಗಡಿಯಿಂದಂಗಡಿಗೆ ಹಾರುತ್ತಿದ್ದ. ಒಂದೊಂದು ಪೆಟ್ಟಿಗೆಯನ್ನೂ ತಿರುಗಿಸಿ ನೋಡುತ್ತ ತಾಯಿಗೆ ಪಾಠ ಹೇಳತೊಡಗಿದ.

“ಮೇಲೆ ದಪ್ಪಕ್ಷರದಲ್ಲಿ ಸ್ಪೀಡ್ ಬರೆದಿರ್ತಾರಲ್ಲ, ಅದನ್ನ ನಂಬಬಾರದು. ವಧುಪರೀಕ್ಷೆ ದಿನ ಹಾಕ್ಕೊಂಡ ಒಡವೆ ಥರ ಅದು. ಒಳಗೆ ಚಿಪ್ ಯಾರದು, ಅದು ನೋಡ್ಬೇಕು. ಡ್ರೈವರ್ ಸರಿಯಾಗಿ ಕೊಡ್ತಾರಾ ನೋಡ್ಬೇಕು.”

“ಇದಕ್ಕೂ ಡ್ರೈವರ್ರಾ?”

“ಅಂದ್ರೆ ಕಾರ್ಡ್ ಹೇಳಿದ್ದು ಕಂಪ್ಯೂಟರ್‌ಗೆ ಅರ್ಥ ಆಗೋಕೆ ಬೇಕಾದ ಸಾಫ್ಟ್‌ವೇರು. ಕಂಪನಿ ಅದನ್ನ ಅರ್ಧಕ್ಕೆ ಕೈಬಿಟ್ರೆ ಕಾರ್ಡ್ ಇದ್ದೂ ಇಲ್ದಂಗೆ. ಇನ್ನು ಬಿಸಿ ಆಗತ್ತಾ ನೋಡ್ಬೇಕು. ಬಿಸಿ ಆಗೋದು ಗಂಟೆಗೊಂದ್ಸಲ ಮಲಗತ್ತೆ. ಬ್ಯಾಂಕಲ್ಲಿ ನಾವು ಒಂದೊಂದು ಮಷಿನ್ನಿಗೂ ಎರಡೆರಡು ಕಾರ್ಡ್ ಹಾಕ್ತೀವಿ. ಒಂದು ಸತ್ರೆ ಇನ್ನೊಂದು ಹಿಡ್ಕೊಳ್ಳತ್ತೆ. ಗಿರಾಕಿಗೆ ಗೊತ್ತೇ ಆಗಲ್ಲ.”

“ದುಡ್ಡಿನ ಮಾತಿಗೆ ಎರಡು. ನಮ್ಮ ಮಾತಿಗೆ ಒಂದಾದ್ರೂ ನೆಟ್ಟಗಿರೋದು ನೋಡಪ್ಪ.”

ರಘುನಾಥ ಕೊನೆಗೆ ಮೂರು ಕೊಂಬಿನ ಕಾರ್ಡೊಂದನ್ನು ಎತ್ತಿಟ್ಟ. ಅಂಗಡಿಯ ಚೀನೀ ಯಜಮಾನ ಸರಳಮ್ಮನ ಕಡೆ ನೋಡಿ ಹೆಬ್ಬೆರಳೆತ್ತಿದ. “ಆಂಟಿ, ದಿಸ್ ಒನ್ ವೆರಿ ಸ್ಟೇಬಲ್.” ಸರಳಮ್ಮನ ಕಣ್ಣು ಪಕ್ಕದಲ್ಲಿದ್ದ ಇನ್ನೊಂದರ ಮೇಲೆ ಹೋಯಿತು. ಕೊಂಬಿಲ್ಲದ್ದು, ಪುಟ್ಟದು, ಅಗ್ಗದ್ದು.

“ಇದೇನೋ?”

“ಅದು ಕೇಬಲ್ ಕಾರ್ಡು. ವೈರ್ ಸಿಕ್ಕಿಸೋದು. ನಮ್ಮ ಕಂಪ್ಯೂಟರ್‌ದು ಕೇಬಲ್ ತೂತು ಕೆಟ್ಟಿದೆಯಲ್ಲ, ಬೇಕೂಂದ್ರೆ ಇಂಥದ್ದು ಹಾಕ್ಬಹುದು.”

“ಎರಡರಲ್ಲಿ ನಂಬಿಕಸ್ಥ ಯಾವುದು?”

“ನಂಬಿಕೆ ಅಂತ ಕೇಳಿದ್ರೆ ಕೇಬಲ್‌ದೇ. ಅದಕ್ಕೆ ಸಮ ಇಲ್ಲ. ಆದ್ರೆ ಹಾಲಿನ ಆ ತುದಿಯಿಂದ ಈ ತುದಿವರೆಗೆ ವೈರ್ ಎಳೀಬೇಕು. ಉಮಾ ಈಗಷ್ಟೇ ನೆಲಕ್ಕೆ ಮರ ಹಾಕ್ಸಿದಾಳೆ, ಒಪ್ಪಲ್ಲ. ಇದು ಸಾಕು ಬಿಡು, ಮೂರು ಆಂಟೆನಾ ಇದೆ.”

ಸೊಸೆಗೆ ಬೇಡವಾದದ್ದು ತನಗೂ ಬೇಡ ಅಂದುಕೊಂಡರು ಸರಳಮ್ಮ. ಮನೆಗೆ ಬರುವಾಗ ರೈಲಿನಲ್ಲಿ ಕಾರ್ಡಿನ ಪೆಟ್ಟಿಗೆಯನ್ನು ಹೂವಿನ ಪೊಟ್ಟಣದ ಜೊತೆ ಮಡಿಲಲ್ಲಿ ಇಟ್ಟುಕೊಂಡಿದ್ದರು.

ಭಾನುವಾರ ಬೆಳಿಗ್ಗೆ ರಘುನಾಥ ಕಾರ್ಡು ಹಾಕಿದ. ಬಾಗಿಲು ತೆರೆದು, ಫ್ಯಾನು ತಿರುಗಿಸಿ, ಹಾಡು ಹಾಕಿ ತೋರಿಸಿದ. ಹಾಡು ಬಂತು. ಸಿನಿಮಾ ಹಾಕಿ ತೋರಿಸಿದ. ಸಿನಿಮಾನೂ ಬಂತು. “ಇನ್ನೇನು ಬೇಕು?” ಅಂದ. ಸರಳಮ್ಮ ತಿಂಡಿಯನ್ನು ಅರ್ಧಕ್ಕೇ ಬಿಟ್ಟಿದ್ದರು. ಮೊದಲು ಒಪ್ಪಿಗೆ ಇದೆ ಅನ್ನುವುದು, ಕುಶಲ ಆಮೇಲೆ, ಅಂತ ನಿರ್ಧಾರ ಮಾಡಿಕೊಂಡಿದ್ದರು. ದನಿ ಸ್ಪಷ್ಟವಾಗಿರಲಿ ಅಂತ ಬಿಸಿನೀರು ಕುಡಿದಿದ್ದರು.

ಹೇಳಿದ ಹೊತ್ತಿಗೆ ಅವರು ಒಳಗೆ ಹೋಗುವಾಗ ರಘುನಾಥ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದ. ಉಮಾ, ರಿಷಿಕಾ ಈಜುಕೊಳಕ್ಕೆ ಹೋಗಿದ್ದರು.

“ಬಾಗಿಲು ಹಾಕ್ಕೊಳ್ಳಲೇನೋ?”

“ಹೂಂ, ಹಾಕ್ಕೋ. ಮ್ಯಾಚ್ ಗಲಾಟೆ ನಿಂಗೆ” ಅಂದ, ಪರದೆಯಿಂದ ಕಣ್ಣು ತೆಗೆಯದೆ.

ಸರಳಮ್ಮ ಬಾಗಿಲೆಳೆದುಕೊಳ್ಳುವಷ್ಟರಲ್ಲಿ ರಜನಿ ಕಾಣಿಸಿಕೊಂಡಳು. ತಲೆ ಬಾಚಿ, ಹೂ ಮುಡಿದಿದ್ದಳು. ಅವಳ ಹಿಂದೆ ಒಬ್ಬ ಗಂಡಸಿನ ಬಿಳಿ ಅಂಗಿಯ ತೋಳು ಮಾತ್ರ ಕಾಣುತ್ತಿತ್ತು. ಕರೆದರೆ ಬಂದು ನಮಸ್ಕರಿಸಲು ಕಾದು ನಿಂತಿದ್ದ ಹಾಗೆ.

“ಅಮ್ಮ. ಹೇಳು.”

“ರಜನೀ, ನನ್ನ ಒಪ್ಪಿ…”

“ಏನಂದೆ? ಕೇಳಿಸ್ತಿಲ್ಲ.”

“ಒಪ್ಪಿಗೆ ಇದೆ ಕಣೇ! ಮಾಡ್ಕೋ!”

ರಜನಿಯ ತುಟಿ ಆಡಿತು. ದನಿ ಬರಲಿಲ್ಲ. ಸರಳಮ್ಮ ಎದ್ದು ನಿಂತು, ಪರದೆಗೆ ಬಾಯಿ ಹತ್ತಿರ ತಂದು, ಕಿವುಡರಿಗೆ ಹೇಳುವ ಹಾಗೆ ಮತ್ತೆ ಮತ್ತೆ ಹೇಳಿದರು. ಅಷ್ಟರಲ್ಲಿ ಮಗಳ ಮುಖ ನಿಂತು, ಅದರ ನಡುವೆ ಒಂದು ಸಣ್ಣ ಚಕ್ರ ತಿರುಗತೊಡಗಿತ್ತು. ಮುಖದಲ್ಲಿ ಸಿಟ್ಟಿರಲಿಲ್ಲ. ಇನ್ನೂ ಕಾಯುತ್ತಿದ್ದ ಮುಖ ಅದು. ಚಕ್ರ ತಿರುಗಿ ತಿರುಗಿ, ಮುಖವೂ ಚಕ್ರವೂ ಒಟ್ಟಿಗೆ ಹೋದವು.

ಅವರು ಹೊರಗೆ ಬಂದಾಗ ರಘುನಾಥ, “ಆಯ್ತಾ? ಇಷ್ಟು ಬೇಗ?” ಅಂದ.

ವಿಷಯ ತಿಳಿದು ಕಂಪ್ಯೂಟರಿನ ಮುಂದೆ ಕೂತ. ಬಾಗಿಲು ತೆರೆದೇ ಇತ್ತು. ಎಲ್ಲ ಸರಿಯಾಗಿತ್ತು. ಮೈಸೂರಿಗೆ ಕರೆ ಹಚ್ಚಿದ. ಅತ್ತ ಕಡೆ ರಜನಿ ಎದ್ದು ಹೋಗಿಯಾಗಿತ್ತು. ಫೋನೂ ಎತ್ತಲಿಲ್ಲ. “ಅವಳ ಕಡೆ ನೆಟ್ ಸರಿ ಇಲ್ಲ” ಅಂದ ಅವನು. ಆಮೇಲೆ, “ಕಾರ್ಡ್ ವಾರಂಟಿಯಲ್ಲಿದೆ, ಬೇಕಾದ್ರೆ ಬದಲಾಯಿಸಿಕೊಡ್ತಾರೆ” ಅಂದ.

ತಿಂಗಳು ತುಂಬುವುದರೊಳಗೆ ಮೈಸೂರಿನ ನೆಂಟರೊಬ್ಬರು ಉಮಾಳಿಗೆ ಒಂದು ಫೋಟೋ ಕಳಿಸಿದರು. ರಿಜಿಸ್ಟ್ರಾರ್ ಕಚೇರಿಯ ಹಸಿರು ಗೋಡೆ. ರಜನಿಯ ಕೊರಳಲ್ಲಿ ಸುಗಂಧರಾಜದ ಹಾರ. ಪಕ್ಕದಲ್ಲಿ ಕನ್ನಡಕದ, ಸೌಮ್ಯ ಮುಖದ ಮನುಷ್ಯ. ಅವನ ಬದಿಯಲ್ಲಿ ಅವನ ಮುದಿ ತಾಯಿ ಮಗನ ತೋಳು ಹಿಡಿದುಕೊಂಡು ನಗುತ್ತಿದ್ದಳು. ರಜನಿಯ ಬದಿಯಲ್ಲಿ ಆಫೀಸಿನ ಹುಡುಗಿಯರು ಇಬ್ಬರು.

“ಒಂದು ಮಾತು ಹೇಳ್ಲಿಲ್ಲ ನೋಡು!” ಅಂತ ರಘುನಾಥ ಸಿಡುಕಿದ. “ನಾವೇನು ಸತ್ತೋಗಿದ್ವಾ?”

“ಕೇಳಿದ್ಲಲ್ಲ” ಅಂದರು ಸರಳಮ್ಮ. “ಎರಡು ಸಲ ಕೇಳಿದ್ಲು.”

ಆ ವಾರ ಅವರು ಪಂಚಾಂಗದಿಂದ ಕಾಗದ ತೆಗೆದರು. ರಘುನಾಥ ಅದನ್ನು ನೋಡಿ, “ಈಗ್ಲೇ ಕಳಿಸ್ಬೇಡಮ್ಮ. ಗಾಯ ಹಸಿ ಇದೆ. ಹೊಸ ಮಾಡೆಲ್ ಬರ್ತಿದೆ ಅಂತಿದಾರೆ, ಹಾಕ್ಸಿ, ಆರಾಮಾಗಿ ಕೂತು ಮಾತಾಡ್ಸು” ಅಂದ. ಕಾಗದ ಮತ್ತೆ ಒಳಗೆ ಹೋಯಿತು. ಒಂದು ಯುಗಾದಿ ಕಳೆಯಿತು. ಗೌರಿಹಬ್ಬವೂ ಕಳೆಯಿತು, ಉಮೇಶ ಇದ್ದಾಗ ವರ್ಷವರ್ಷವೂ ಮಗಳಿಗೆ ಬಾಗಿನ ಕಳಿಸುತ್ತಿದ್ದ ತಾಯಿ, ಈ ಸಲ ಯಾವ ವಿಳಾಸಕ್ಕೆ ಕಳಿಸುವುದು ಅಂತ ತಿಳಿಯದೆ ಸುಮ್ಮನಾದರು. ಹೊಸ ವಿಳಾಸವನ್ನು ಉಮಾಳೇ ನೆಂಟರನ್ನು ಕೇಳಿ ತಂದುಕೊಟ್ಟಳು, ಹಬ್ಬ ಮುಗಿದ ಮೇಲೆ.

ಒಂದು ಭಾನುವಾರ ರಘುನಾಥನ ಆಫೀಸಿನ ಹರ್ಷವರ್ಧನ್ ಊಟಕ್ಕೆ ಬಂದ, ಹೆಂಡತಿ ವರ್ಷಾಳ ಜೊತೆ. ಅವರಿಗೆ ಹೊಸ ಮನೆಯ ಬೀಗದಕೈ ಸಿಕ್ಕಿತ್ತು. ಸರಳಮ್ಮ ಬಿಸಿಬೇಳೆಬಾತು ಮಾಡಿದ್ದರು.

“ಆಂಟಿ, ಈ ಊರಿಗೆ ಬಂದ್ಮೇಲೆ ಇಂಥದ್ದು ತಿಂದಿಲ್ಲ” ಅಂದ ಹರ್ಷವರ್ಧನ್. ಆಮೇಲೆ ರಘುನಾಥನ ಕಡೆ ತಿರುಗಿದ. “ರಘು ಸರ್, ಒಂದು ಅಡ್ವೈಸ್ ಬೇಕಿತ್ತು. ನಮಗೆ ಒಂದು ರೂಮ್ ಕಮ್ಮಿ ಆಗತ್ತೆ. ಶೆಲ್ಟರ್‌ನೇ ನನ್ನ ಆಫೀಸ್ ಮಾಡ್ಕೊಂಬಿಡೋಣ ಅಂತ. ಕಂಪ್ಯೂಟರ್‌ಗೆ ಯಾವ ವೈಫೈ ಕಾರ್ಡ್ ಹಾಕ್ಲಿ?”

ರಘುನಾಥ ಹಪ್ಪಳ ಮುರಿಯುತ್ತಿದ್ದವನು ಜೋರಾಗಿ ನಕ್ಕುಬಿಟ್ಟ. “ನೆಟ್‌ವರ್ಕ್ ಟೀಮಲ್ಲಿ ಇದ್ಕೊಂಡು ಇದನ್ನ ಕೇಳ್ತೀಯಲ್ಲಯ್ಯ! ಅಲ್ಲಿ ಯಾವ ಕಾರ್ಡೂ ನಡೆಯಲ್ಲ. ಗೋಡೆ ತುಂಬ ಕಬ್ಬಿಣ, ಬಾಗಿಲು ಉಕ್ಕು. ಬಾಗಿಲು ತೆಗೆದಿದ್ರೆ ಸರಿ. ಹಾಕಿದ್ಯೋ, ಮುಗೀತು, ಸಿಗ್ನಲ್ ಸತ್ತೋಗತ್ತೆ. ಚಿನ್ನದ ಕಾರ್ಡ್ ತಂದು ಹಾಕಿದ್ರೂ ಅಷ್ಟೇ. ದುಡ್ಡು ದಂಡ ಮಾಡ್ಬೇಡ. ನೆಲ ಹಾಕ್ಸೋ ಮುಂಚೆ ಒಂದು ಚಪ್ಪಟೆ ಕೇಬಲ್ ಎಳೆಸ್ಬಿಡು.”

“ನಿಮ್ಮ ಶೆಲ್ಟರಲ್ಲಿ ಏನಿಟ್ಟಿದೀರ?” ಅಂದಳು ವರ್ಷಾ.

“ದೇವರು. ಅಮ್ಮನ ಕಂಪ್ಯೂಟರ್ರು.”

“ಎವ್ರಿಬಡಿ ನೋಸ್ ಲಾ, ಅಲ್ಲಿ ನೋ ಸಿಗ್ನಲ್” ಅಂದಳು ರಿಷಿಕಾ. “ಫ್ರೆಂಡ್ಸ್ ಕಾಲ್ ಬೇಡ ಅಂದ್ರೆ ನಾನು ಫೋನ್ ತಗೊಂಡು ಅಲ್ಲೇ ಹೋಗಿ ಬಾಗಿಲು ಹಾಕ್ಕೊಳ್ಳೋದು.”

“ಹಾಗಾದ್ರೆ ಅಲ್ಲಿಂದ ದೇವರಿಗೆ ಮಾತ್ರ ಕನೆಕ್ಷನ್ನು!” ಅಂದ ಹರ್ಷವರ್ಧನ್.

ಎಲ್ಲರೂ ನಕ್ಕರು. ಸರಳಮ್ಮ ಸೌಟು ಹಿಡಿದು ವರ್ಷಾಳ ಪಕ್ಕದಲ್ಲಿ ನಿಂತಿದ್ದರು. ನಗು ಮೊದಲು ನಿಂತದ್ದು ಉಮಾಳದು. ಅವಳು ಅತ್ತೆಯ ಮುಖ ನೋಡಿ, ತಟ್ಟೆಗೆ ಕಣ್ಣು ಇಳಿಸಿದಳು. ಸರಳಮ್ಮ ವರ್ಷಾಳಿಗೆ ಒಂದು ಸೌಟು ಬಡಿಸಿದರು, ಹರ್ಷವರ್ಧನನಿಗೆ ತುಪ್ಪ ಹಾಕಿದರು, ಮೊಸರು ತರಲು ಒಳಗೆ ಹೋದರು.

ಬಂದವರು ಹೋದ ಮೇಲೆ, ಸಿಟ್ಟು ಬಂದರೆ ಮಾತು ನಿಲ್ಲಿಸುವ ಆ ಹೆಂಗಸು ಅವತ್ತು ನಿಲ್ಲಿಸಲಿಲ್ಲ. ಮೇಜು ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

“ರಘು, ಬಾಗಿಲು ಹಾಕಿದ್ರೆ ಬರಲ್ಲ ಅಂತ ನಿಂಗೆ ಯಾವತ್ತಿಂದ ಗೊತ್ತು?”

“ಅದು ಎಲ್ಲರಿಗೂ ಗೊತ್ತಿರೋದೇ ಅಮ್ಮ.”

“ಎಲ್ಲರ ಮಾತು ಬೇಡ. ನಿಂಗೆ?”

“ಮನೆ ತಗೊಂಡಾಗಿಂದ.”

“ಆವತ್ತು ಹಾಕ್ಕೊಳ್ಳಲಾ ಅಂತ ಕೇಳಿದೆ. ನೀನು ಹಾಕ್ಕೋ ಅಂದೆ.”

“ಮ್ಯಾಚ್ ನೋಡ್ತಿದ್ದೆ. ಹೊಳೀಲಿಲ್ಲ. ಬೇಕೂಂತ ಮಾಡಿದ್ನಾ ನಾನು? ನೀನಾದ್ರೂ ಬಾಗಿಲು ತೆಗೆದಿಟ್ಕೊಂಡು ಮಾತಾಡ್ಬಹುದಿತ್ತು. ಮನೆಯವರ ಹತ್ರ ಏನು ಅಂಥ ಗುಟ್ಟು?”

“ಕಾರ್ಡು ನೋಡೋಕೆ ಅಷ್ಟು ದೂರ ಕರ್ಕೊಂಡು ಹೋದೆ. ಅದರ ಹೊಟ್ಟೆಯೊಳಗಿಂದೆಲ್ಲ ಹೇಳಿಕೊಟ್ಟೆ. ಇದೊಂದು ಹೇಳ್ಲಿಲ್ಲ.”

“ನೀನು ಒಳ್ಳೇ ಕಾರ್ಡ್ ಕೇಳಿದೆ, ಒಳ್ಳೇ ಕಾರ್ಡೇ ತಂದುಕೊಟ್ಟೆ” ಅಂದ ರಘುನಾಥ. ದನಿ ಏರಿತ್ತು. “ಆ ಕಾರ್ಡಲ್ಲಿ ಇವತ್ತಿಗೂ ಒಂದು ದೋಷ ತೋರ್ಸು ನೋಡೋಣ!”

ಅದು ನಿಜವಾಗಿತ್ತು. ಸರಳಮ್ಮ ಮೇಜಿನ ಮೇಲೆ ಒಣಗಿದ್ದ ಒಂದು ಅಗುಳನ್ನು ಉಗುರಿನಿಂದ ಕೆರೆದರು.

ಉಮಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. “ಕೇಬಲ್ ಎಳೆಸಿದ್ರೆ ಆಗ್ತಿರ್ಲಿಲ್ವೇನ್ರಿ?”

“ನಿನ್ನ ನೆಲ ಹಾಳಾಗತ್ತೆ ಅಂತ ಬಿಟ್ಟೆ.”

“ನನ್ನನ್ನ ಕೇಳಿದ್ರಾ?”

ಅವನು ಟಿವಿಯ ರಿಮೋಟನ್ನು ಎತ್ತಿ, ಮತ್ತೆ ಇಟ್ಟು, “ಸರಿ, ಬರೋ ವಾರವೇ ಎಳೆಸ್ತೀನಿ. ಆಯ್ತಾ?” ಅಂದ.

“ಯಾರ ಹತ್ರ ಮಾತಾಡೋಕೆ?” ಅಂದರು ಸರಳಮ್ಮ.

ರಘುನಾಥ ರೂಮಿಗೆ ಹೋದ. ಉಮಾ ಹತ್ತಿರ ಬಂದು ಬಟ್ಟೆಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. “ಫೋನ್ ಅಲ್ಲಿ ಬರಲ್ಲ ಅನ್ನೋದು ನಂಗೂ ಗೊತ್ತಿತ್ತು ಅತ್ತೆ. ಕಂಪ್ಯೂಟರ್‌ಗೂ ಅದೇ ಅಂತ ತಲೆಗೇ ಬರ್ಲಿಲ್ಲ. ಇವರಿದಾರಲ್ಲ, ನೋಡ್ಕೋತಾರೆ ಅಂದ್ಕೊಂಡೆ.”

“ನಾನೂ ಅದನ್ನೇ ಅಂದ್ಕೊಂಡಿದ್ದು” ಅಂದರು ಸರಳಮ್ಮ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಅವರು ಹಳೆಯ ಕಾಗದ ತೆಗೆದು ಓದಿದರು. ಅರ್ಧ ಪುಟ ಕಾರ್ಡಿನ ವಿಚಾರವೇ ಇತ್ತು. ಕಾರ್ಡು ಕೆಟ್ಟಿದೆ, ರಘು ಹೊಸದು ತರುತ್ತಾನೆ, ಆಮೇಲೆ ಎಲ್ಲ ಸರಿಹೋಗುತ್ತದೆ. ಅದನ್ನು ಹರಿದು, ಊಟದ ಮೇಜಿನ ಮೇಲೆ ಬೇರೆ ಹಾಳೆ ಹರವಿಕೊಂಡರು. ಅಳಿಯ ಹೋದಂದಿನಿಂದ ಮಗಳ ಹೆಸರಿನ ಹಿಂದೆ ಬರಿಯ ‘ಚಿ.’ ಅಂತ ಬರೆದು ಸುಮ್ಮನಾಗುತ್ತಿದ್ದ ಕೈ, ಈ ಸಲ ‘ಚಿ. ಸೌ. ರಜನಿಗೆ’ ಅಂತ ಬರೆಯಿತು. ಆಮೇಲೆ ತಡೆಯಿಲ್ಲದೆ ಸಾಗಿತು.

‘ನಿನ್ನ ತಾಯಿ ಮಾಡುವ ಆಶೀರ್ವಾದಗಳು. ನಾನು ಮಾತು ನಿಲ್ಲಿಸಲಿಲ್ಲ. ಎರಡು ಸಲವೂ ಮಾಡಿಕೋ ಅಂದೆ, ಎರಡು ಸಲವೂ ನಿನಗೆ ಕೇಳಿಸಲಿಲ್ಲ. ಈ ಮನೆಯಲ್ಲಿ ನಾನು ಕೂರುವ ಕೋಣೆಯ ಬಾಗಿಲು ಹಾಕಿದರೆ ಒಳಗಿನ ಮಾತು ಹೊರಗೆ ಹೋಗುವುದಿಲ್ಲ. ನನಗೆ ಇದು ಗೊತ್ತಾದದ್ದು ನಿನ್ನೆ. ನಿನ್ನ ಅಣ್ಣನಿಗೆ ಮೊದಲೇ ಗೊತ್ತಿತ್ತು.’

ಕೊನೆಯ ವಾಕ್ಯವನ್ನು ಹೊಡೆದುಹಾಕಲು ಪೆನ್ನು ಎತ್ತಿದರು. ಎತ್ತಿದವರು ಹಾಗೇ ಇಳಿಸಿದರು. ಅದರ ಕೆಳಗೆ, ‘ಫೋಟೋ ನೋಡಿದೆ. ಅವರ ತಾಯಿಗೆ ನನ್ನ ನಮಸ್ಕಾರ ಹೇಳು. ನಂಬುವುದು ಬಿಡುವುದು ನಿನ್ನದು’ ಅಂತ ಬರೆದು ಸಹಿ ಮಾಡಿದರು.

ಲಕೋಟೆ ಅಂಟಿಸಿ, ಚಪ್ಪಲಿ ಮೆಟ್ಟುವ ಹೊತ್ತಿಗೆ ರಘುನಾಥನೂ ಆಫೀಸಿಗೆ ಹೊರಟಿದ್ದ. ಲಿಫ್ಟಿನ ಎದುರು ಕೈ ಚಾಚಿದ.

“ಕೊಡಮ್ಮ, ಸ್ಟೇಷನ್ ಹತ್ರ ಪೋಸ್ಟ್ ಡಬ್ಬ ಇದೆ. ಹೋಗ್ತಾ ಹಾಕ್ತೀನಿ.”

“ಬೇಡ.”

“ಇನ್ನೂ ಸಿಟ್ಟಾ? ಒಂದು ಕಾಗದಕ್ಕೂ ನನ್ನ ನಂಬಲ್ವಾ?”

ಸರಳಮ್ಮ ಮಗನ ಅಂಗಿಯ ಮಡಚಿಹೋಗಿದ್ದ ಕಾಲರನ್ನು ಸರಿಮಾಡಿದರು. ಅವನು ಚಿಕ್ಕವನಿದ್ದಾಗಿನಿಂದ ಮಾಡುತ್ತ ಬಂದದ್ದು. ಕೆಳಗಿಳಿದ ಮೇಲೆ ಅವನು ರೈಲಿನ ಕಡೆ ಹೋದ. ಅವರು ಇನ್ನೊಂದು ದಿಕ್ಕಿಗೆ, ಕಟ್ಟಡದಡಿ ಖಾಲಿ ಬಿಟ್ಟ ವಾಯ್ಡ್ ಡೆಕ್ಕಿನ ನೆರಳಲ್ಲಿ ಚದುರಂಗ ಆಡುತ್ತಿದ್ದ ಮುದುಕರನ್ನು ದಾಟಿ, ಅಂಚೆ ಕಚೇರಿಗೆ ನಡೆದರು. ಕೌಂಟರಿನ ಹುಡುಗಿ ಲಕೋಟೆ ತೂಗಿ ಸ್ಟಾಂಪು ಕೊಟ್ಟಳು. ಅಂಟಿಸಿ, ಹೊರಗಿದ್ದ ಪೆಟ್ಟಿಗೆಯ ಬಾಯಿಗೆ ಹಿಡಿದು, ವಿಳಾಸವನ್ನು ಮತ್ತೊಮ್ಮೆ ಓದಿಕೊಂಡು, ಕೈ ಬಿಟ್ಟರು. ಲಕೋಟೆಯ ಮೂಲೆಯೊಂದು ಸಿಕ್ಕಿಕೊಂಡು ಹೊರಗೆ ಇಣುಕುತ್ತಿತ್ತು. ಸರಳಮ್ಮ ಎರಡು ಬೆರಳು ಒಳಗೆ ಹಾಕಿ ಅದನ್ನು ನೂಕಿದರು. ಅದು ಬಿತ್ತು.